ಡುಬ್ರೋವ್ನಿಕ್‌ಗೆ ಅಪ್ಪ ಅಮ್ಮನನ್ನು ಹಡಗಿನಲ್ಲಿ ಕರೆದುಕೊಂಡು ಹೋಗುವುದು ತಪ್ಪೇ?

ಬಿಲ್ವಪತ್ರೆ

ಜರ್ಮನಿಯಲ್ಲಿದ್ದೇನೆ. ಜೂನ್‌ನಲ್ಲಿ ಉಡುಪಿಯಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ ಎಪ್ಪತ್ತಮೂರು ವರ್ಷ, ಅಮ್ಮನಿಗೆ ಮಂಡಿನೋವು. ದಿನಕ್ಕೊಂದು ಹೋಟೆಲ್ ಬದಲಿಸುತ್ತಾ ಪೆಟ್ಟಿಗೆ ಎಳೆದಾಡುವುದು ಅವರಿಂದ ಆಗದು ಎಂದು ಏಳು ದಿನದ ಹಡಗು ಪ್ರವಾಸವೊಂದನ್ನು ನೋಡಿಟ್ಟಿದ್ದೆ. ವೆನಿಸ್‌ನಿಂದ ಹೊರಟು ಆಡ್ರಿಯಾಟಿಕ್ ಸಮುದ್ರದಲ್ಲಿ ಇಳಿದು ಬರುವುದು, ನಡುವೆ ಕ್ರೊಯೇಷಿಯಾದ ಡುಬ್ರೋವ್ನಿಕ್‌ನಲ್ಲಿ ಒಂದು ಹಗಲು. ಮುಂಗಡ ಕಟ್ಟುವ ಹಿಂದಿನ ದಿನ ಕಚೇರಿಯ ಗೆಳತಿಗೆ ಹೇಳಿದೆ. ಅವಳು ಆ ಊರಿನವಳೇ. "ಹಡಗಿನಲ್ಲಾ?" ಎಂದಳು. ಮತ್ತೇನೂ ಹೇಳಲಿಲ್ಲ, ಕಾಫಿ ಲೋಟ ಹಿಡಿದು ಎದ್ದು ಹೋದಳು. ಅವಳ ಅಜ್ಜಿಯ ಮನೆ ಕೋಟೆಯ ಒಳಗೇ ಇತ್ತಂತೆ, ಈಗ ಅದು ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುವ ಬಾಡಿಗೆ ಕೋಣೆಗಳಾಗಿದೆಯಂತೆ.

ರಾತ್ರಿ ಕುಳಿತು ಓದಿದೆ. 2019ರಲ್ಲಿ ಊರಿನ ಆಡಳಿತ ಹಡಗು ಕಂಪನಿಗಳ ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಂಡಿದೆ: ಒಂದು ಹೊತ್ತಿಗೆ ಎರಡೇ ಹಡಗು, ಒಂದು ಹೊತ್ತಿಗೆ ನಾಲ್ಕು ಸಾವಿರ ಪ್ರಯಾಣಿಕರು. ಊರಿನವರೇ ಹಾಕಿದ ಮಿತಿಯ ಒಳಗೆ ನಾನು ಬಂದರೆ ಅವಳಿಗೇಕೆ ಬೇಸರ? ಹೋದವರು, ಅಲ್ಲಿರುವವರು ಯಾರಾದರೂ ಇದ್ದರೆ ನೇರವಾಗಿ ಹೇಳಿ. ಬೈದರೂ ಪರವಾಗಿಲ್ಲ.

ಒಗ್ಗರಣೆ

ದುಡ್ಡು ಕೊಟ್ಟು ಊರು ನೋಡುವುದು ತಪ್ಪಾದರೆ ಶನಿವಾರ ತಿರುಪತಿಗೆ ಹೋದವರೆಲ್ಲ ಜೈಲಿನಲ್ಲಿರಬೇಕಿತ್ತು. ಹೋಗಿ ಬನ್ನಿ.

ಹಳೇ ಲಾಟೀನು

ತಪ್ಪು ಸರಿ ಆಮೇಲೆ, ಮೊದಲು ಟಿಕೆಟ್ ಸರಿಯಾಗಿ ಓದಿ. ವೆನಿಸ್‌ನಿಂದ ಹೊರಡುವ ದೊಡ್ಡ ಹಡಗು ಎಂಬುದು ಈಗ ಬಹುಪಾಲು ಜಾಹೀರಾತಿನ ಮಾತು. 2019ರ ಜೂನ್ 2ರಂದು ಅಂಥದ್ದೊಂದು ಹಡಗು ಜ್ಯುಡೆಕ್ಕಾ ಕಾಲುವೆಯಲ್ಲಿ ಹಿಡಿತ ತಪ್ಪಿ ಧಕ್ಕೆಗೂ ನಿಂತಿದ್ದ ಪ್ರವಾಸಿ ದೋಣಿಗೂ ಗುದ್ದಿತು. 2021ರ ಆಗಸ್ಟ್ 1ರಿಂದ ಒಟ್ಟು ಟನ್ನೇಜ್ 25,000 ದಾಟಿದ, ಇಲ್ಲವೇ 180 ಮೀಟರ್‌ಗಿಂತ ಉದ್ದದ, ಇಲ್ಲವೇ ನೀರಿನಿಂದ ಮೇಲೆ 35 ಮೀಟರ್‌ಗಿಂತ ಎತ್ತರದ ಹಡಗು ವೆನಿಸ್‌ನ ಮುಖ್ಯ ಚೌಕವಾದ ಸಾನ್ ಮಾರ್ಕೊ ಮುಂದೆ ಹಾಯುವಂತಿಲ್ಲ ಎಂದು ಇಟಲಿ ಸರ್ಕಾರ ಬಾಗಿಲು ಹಾಕಿತು. ಈಗ ಅವು ಮಾರ್ಗೇರಾದ ಕಾರ್ಖಾನೆ ಬಂದರಿಗೋ ತ್ರಿಯೆಸ್ತೆಗೋ ರವೆನ್ನಾಗೋ ಹೋಗುತ್ತವೆ. ರವೆನ್ನಾ ಆದರೆ ವೆನಿಸ್‌ನಿಂದ ಸುಮಾರು 145 ಕಿಲೋಮೀಟರ್. ಅಮ್ಮನ ಮಂಡಿಗೆ ಮೊದಲ ದಿನವೇ ಬಸ್ ಪ್ರಯಾಣ.

ಬಿಲ್ವಪತ್ರೆ

ಅಯ್ಯೋ. ಈಗ ನೋಡಿದೆ. "ವೆನಿಸ್" ಎಂದು ದಪ್ಪಕ್ಷರ, ಅದರ ಕೆಳಗೆ ಇರುವೆಸಾಲಿನಂತೆ "ರವೆನ್ನಾ ಬಂದರು".

ಉಪ್ಪುನೀರು

ನಾನು ಬಜ್ಪೆಯವನು, ಹನ್ನೊಂದು ವರ್ಷದಿಂದ ಹಡಗಿನಲ್ಲಿ ಕೆಲಸ. ಕೋಣೆ ಚೊಕ್ಕಟ ಮಾಡುವುದರಿಂದ ಆರಂಭಿಸಿ ಈಗ ಒಂದು ಮಹಡಿಯ ಮೇಲ್ವಿಚಾರಣೆ. ಡುಬ್ರೋವ್ನಿಕ್‌ಗೆ ಎಷ್ಟು ಸಲ ಬಂದಿದ್ದೇನೋ ಲೆಕ್ಕವಿಲ್ಲ, ಕೋಟೆಯ ಒಳಗೆ ಹೋದದ್ದು ನಾಲ್ಕೇ ಸಲ. ಆ ನಾಲ್ಕು ಸಲದಲ್ಲಿ ಒಮ್ಮೆ ಮಳೆ.

ಹಡಗು ನಿಲ್ಲುವುದು ಕೋಟೆಯ ಹತ್ತಿರವಲ್ಲ, ಗ್ರೂಝ್ ಎಂಬ ಬಂದರಿನಲ್ಲಿ. ಹಳೆಯ ಊರು ಅಲ್ಲಿಂದ ಸುಮಾರು ಮೂರು ಕಿಲೋಮೀಟರ್. ಎಂಟಕ್ಕೆ ಏಣಿ ಇಳಿಸುತ್ತೇವೆ. ಹೊರಗೆ ಹೋಗುವ ಪ್ರತಿಯೊಬ್ಬರ ಕಾರ್ಡನ್ನೂ ಯಂತ್ರಕ್ಕೆ ತೋರಿಸಬೇಕು, ಪ್ರತಿ ಕಾರ್ಡಿಗೂ ಒಂದು "ಟಿಣ್". ಎಂಟೂವರೆಯಿಂದ ಹತ್ತರವರೆಗೆ ಆ ಸದ್ದು ಬಿಡುವಿಲ್ಲದೆ ಕೇಳುತ್ತದೆ, ಮಂಗಳಾರತಿಯ ಗಂಟೆಯ ಹಾಗೆ. ಹೊರಗೆ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಎಲ್ಲರೂ ಹೋಗುವುದು ಒಂದೇ ಕಡೆಗೆ, ಪೀಲೆ ಬಾಗಿಲಿಗೆ. ಸೇತುವೆ ದಾಟಿ, ಕಮಾನಿನ ಕೆಳಗೆ ನುಸುಳಿ ಒಳಗೆ ಹೋಗಬೇಕು. ಬೇರೆ ಹಡಗಿನವರೂ ಅದೇ ಹೊತ್ತಿಗೆ ಅಲ್ಲೇ. ಒಂದೂವರೆಗೆ ಗುಂಪು ಕರಗುತ್ತದೆ, ಯಾಕೆಂದರೆ ಹಡಗಿನಲ್ಲಿ ಊಟಕ್ಕೆ ಆಗಲೇ ದುಡ್ಡು ಕೊಟ್ಟಾಗಿದೆ. ಮತ್ತೆ ಟಿಣ್ ಟಿಣ್ ಟಿಣ್.

ಹಾಗಾಗಿ ನಾಲ್ಕು ಸಾವಿರವೋ ಆರು ಸಾವಿರವೋ ಎಂದು ಜಗಳವಾಡುವವರನ್ನು ಕಂಡರೆ ನನಗೆ ನಗು. ಆ ನಾಲ್ಕು ಸಾವಿರ ಒಂದೂವರೆ ಗಂಟೆಯಲ್ಲಿ ಒಂದು ಕಮಾನಿನಲ್ಲಿ ನುಗ್ಗುತ್ತದೆಯೋ ಇಡೀ ದಿನಕ್ಕೆ ಹರಡುತ್ತದೆಯೋ ಎಂಬುದನ್ನು ನೋಡಿ. ಮತ್ತೆ ಒಂದು ಮಾತು: "ಹಡಗು ಬೇಡ" ಎಂದು ಒಂದೇ ಸಾಲಿನಲ್ಲಿ ಬರೆಯುವವರು, ಅದರಲ್ಲಿ ಮಂಗಳೂರಿನ, ಗೋವೆಯ ಎಷ್ಟು ಮನೆಗಳ ಅನ್ನ ಇದೆ ಎಂಬುದನ್ನೂ ಬರೆಯಲಿ.

ಲೆಕ್ಕಪತ್ರ

ಉಪ್ಪುನೀರಿನವರೇ, ನಕ್ಕರೂ ಸರಿ, ಲೆಕ್ಕ ಬಿಡುವ ಹಾಗಿಲ್ಲ. ಆ ಕೋಟೆಗೋಡೆಯ ಸುತ್ತಳತೆ 1,940 ಮೀಟರ್. ಎರಡು ಕಿಲೋಮೀಟರೂ ಇಲ್ಲ. 1991ರಲ್ಲಿ ಅದರೊಳಗೆ ಸುಮಾರು ಐದು ಸಾವಿರ ಜನ ಇದ್ದರು, ಈಗ ಒಂದೂವರೆ ಸಾವಿರದ ಆಸುಪಾಸು. 2013ರಲ್ಲಿ ಹಡಗಿನಿಂದ ಬಂದವರೇ ಹತ್ತು ಲಕ್ಷ ದಾಟಿದರು. ಆಮೇಲೆ ಅಲ್ಲೇ ಚಿತ್ರೀಕರಿಸಿದ "ಗೇಮ್ ಆಫ್ ಥ್ರೋನ್ಸ್" ಎಂಬ ಅಮೆರಿಕದ ಧಾರಾವಾಹಿಯ ಅಭಿಮಾನಿಗಳು ಬೇರೆ. 2016ರ ಆಗಸ್ಟ್‌ನಲ್ಲಿ ಒಂದೇ ದಿನ 10,388 ಜನ ಗೋಡೆ ಹತ್ತಲು ಟಿಕೆಟ್ ಕೊಂಡರು. ಗೋಡೆ ಹತ್ತದೆ ಕೆಳಗೆ ಅಡ್ಡಾಡಿದವರು ಅದರಲ್ಲಿ ಸೇರಿಲ್ಲ. ಒಳಗೆ ಒಮ್ಮೆಗೆ ಎಂಟು ಸಾವಿರಕ್ಕಿಂತ ಹೆಚ್ಚು ಜನ ಇರಬಾರದು ಎಂದು ಯುನೆಸ್ಕೊ ಹೇಳಿದ್ದು ಸುಮ್ಮನೆ ಅಲ್ಲ. ಮನೆಯವರು ಒಂದೂವರೆ ಸಾವಿರ, ನೆಂಟರು ಎಂಟು ಸಾವಿರ, ಅದೂ ಬೇಸಿಗೆಯಿಡೀ. ಒಂದು ದಿನ ಮದುವೆಯಾದರೆ ಸಂಭ್ರಮ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ದಿನವೂ ಮದುವೆಯಾದರೆ ಮನೆಯವರು ಊರು ಬಿಡುತ್ತಾರೆ. ಬಿಟ್ಟಿದ್ದಾರೆ ಕೂಡ.

ಒಗ್ಗರಣೆ

ಮದುವೆಯಲ್ಲಿ ನೆಂಟರಿಗೆ ಊಟ ಹಾಕುವವರು ಮನೆಯವರು. ಇಲ್ಲಿ ಒಂದು ತುಂಡು ಪಿಜ್ಜಾಕ್ಕೂ ನೆಂಟರೇ ದುಡ್ಡು ಕೊಡುತ್ತಾರೆ. ಉಪಮೆ ವಾಪಸ್ ತೆಗೆದುಕೊಳ್ಳಿ.

ಲೆಕ್ಕಪತ್ರ

ಮುಯ್ಯಿ ಕೊಡುತ್ತಾರೆ ಎಂದುಕೊಳ್ಳಿ. ಉಪಮೆ ಅಲ್ಲೇ ಇರಲಿ.

ಕೋಟೇಶ್ವರದವ

ಎಲ್ಲರೂ ದೂರದಿಂದ ಮಾತಾಡುತ್ತಿದ್ದೀರಿ, ನಾನು ಅಲ್ಲೇ ಇದ್ದೇನೆ ಮಾರಾಯರೇ. ಲಾಪಾಡ್ ಎಂಬ ಬಡಾವಣೆಯ ಒಂದು ಹೋಟೆಲ್ ಅಡುಗೆಮನೆಯಲ್ಲಿ ಇದು ಮೂರನೆಯ ಬೇಸಿಗೆ. ನಮ್ಮ ಅಡುಗೆಮನೆಯ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದೇವೆ. ಬಂದರಿನವರು ಯಾವ ದಿನ ಯಾವ ಹಡಗು, ಎಷ್ಟು ಗಂಟೆಗೆ, ಎಷ್ಟು ಜನ ಎಂಬ ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತಾರೆ, ಅದರ ಪ್ರತಿ. ಎರಡು ಹಡಗಿನ ದಿನಕ್ಕೆ ಕೆಂಪು ಸುತ್ತು. ರಜೆ ಕೇಳುವವರು, ಹಲ್ಲಿನ ಡಾಕ್ಟರ ಬಳಿ ಹೋಗುವವರು, ಬ್ಯಾಂಕ್ ಕೆಲಸ ಇರುವವರು ಎಲ್ಲರೂ ಆ ಕಾಗದ ನೋಡಿಯೇ ದಿನ ಗೊತ್ತು ಮಾಡುವುದು. ನಮ್ಮಲ್ಲಿ ಪಂಚಾಂಗ ನೋಡಿದ ಹಾಗೆ. ಕೆಂಪು ಸುತ್ತಿನ ದಿನ ರಾಹುಕಾಲ.

ಪಾತ್ರೆ ತೊಳೆಯಲು ಬರುವ ಹೆಂಗಸು ಹುಟ್ಟಿದ್ದು ಕೋಟೆಯ ಒಳಗೆ, ಈಗಲೂ ಅಲ್ಲೇ ಇದ್ದಾಳೆ. ಅವಳ ಬೀದಿ ಎಂದರೆ ಬರೀ ಮೆಟ್ಟಿಲು. ಹಾಲು, ರೊಟ್ಟಿ, ಆಲೂಗಡ್ಡೆ ಎಲ್ಲ ಬೆಳಿಗ್ಗೆ ಏಳರ ಒಳಗೆ ತಂದಿಟ್ಟುಕೊಂಡು ಬಿಡುತ್ತಾಳೆ. ಹೋದ ವರ್ಷ ಅವಳ ಬಾಗಿಲಿನ ತಿರುಗಣಿ ಕಳಚಿತು. ನಾಲ್ಕು ಮೊಳೆ ಬೇಕಿತ್ತು. ಫ್ರಿಜ್ಜಿಗೆ ಅಂಟಿಸುವ ಗೊಂಬೆ ಹತ್ತು ಹೆಜ್ಜೆಗೊಂದು ಅಂಗಡಿಯಲ್ಲಿ ಸಿಗುತ್ತದೆ, ಮೊಳೆ ಸಿಗಲಿಲ್ಲ. ನಾನೇ ಗ್ರೂಝ್ ಕಡೆಯಿಂದ ತಂದುಕೊಟ್ಟೆ. ಅವಳಿಗೆ ಹಡಗಿನವರ ಮೇಲೆ ಸಿಟ್ಟಿಲ್ಲ. ಅವಳ ಸಿಟ್ಟೆಲ್ಲ ಎದುರುಮನೆ ಮಾರಿ ಹೋದ ನೆರೆಯವರ ಮೇಲೆ.

ಮಿತಿಯಿಂದ ಪ್ರಯೋಜನವಾಗಿದೆಯೇ ಎಂದರೆ, ಆಗಿದೆ. ಮೊದಲು ಐದಾರು ಹಡಗು ಒಟ್ಟಿಗೆ ಬರುವ ದಿನ ಪೀಲೆಯಲ್ಲಿ ಬಸ್ಸು ಇಳಿಯಲೂ ಆಗುತ್ತಿರಲಿಲ್ಲ ಎಂದು ಇಲ್ಲಿನ ಹಳಬರು ಹೇಳುತ್ತಾರೆ. ಈಗ ಬಾಗಿಲುಗಳಲ್ಲಿ ಕ್ಯಾಮೆರಾ ಇಟ್ಟು ಒಳಗೆ ಎಷ್ಟು ಜನ ಎಂದು ಎಣಿಸುತ್ತಾರೆ. ಆದರೆ ಹಡಗು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಬೈಗುಳ ಅದಕ್ಕೆ. ಮಾಂಟೆನೆಗ್ರೊದಿಂದ, ಸ್ಪ್ಲಿಟ್‌ನಿಂದ ಬಸ್ಸಿನಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಉಪ್ಪುನೀರು

ಇದನ್ನೇ ನಾನು ಹೇಳಿದ್ದು. ಹಡಗಿನವರು ಬಲಿಪಶು.

ಕೋಟೇಶ್ವರದವ

ಬಲಿಪಶು ಎಂದು ನಾನು ಹೇಳಲಿಲ್ಲ. ನಿಮ್ಮ ಮೂರು ಸಾವಿರದಲ್ಲಿ ಮೂವತ್ತು ಜನ ಇಲ್ಲಿ ಕುಳಿತು ಊಟ ಮಾಡಿದರೆ ಹೆಚ್ಚು. ಒಂದು ಐಸ್‌ಕ್ರೀಮ್, ಒಂದು ಫೋಟೊ, ಶೌಚಾಲಯಕ್ಕೆ ಒಂದು ಸಾಲು. ನೀವೇ ಬರೆದಿರಲ್ಲ, ಒಂದೂವರೆಗೆ ಟಿಣ್ ಟಿಣ್ ಎಂದು.

ಉಪ್ಪುನೀರು

ಗೋಡೆ ಹತ್ತುವ ಟಿಕೆಟ್ ಅಷ್ಟು ದುಬಾರಿ ಆದದ್ದು ಯಾರಿಂದ? ಅದನ್ನು ಕೊಂಡವರಲ್ಲಿ ನಮ್ಮ ಪ್ರಯಾಣಿಕರು ಇಲ್ಲವೇ? ಗೋಡೆ ರಿಪೇರಿ ಆಗುವುದು ಯಾವ ದುಡ್ಡಿನಲ್ಲಿ? ಮೂವತ್ತು ಜನ ಎಂಬುದು ನಿಮ್ಮ ಬಾಣಲೆಯ ಲೆಕ್ಕ.

ಕೋಟೇಶ್ವರದವ

ಬಾಣಲೆಯ ಲೆಕ್ಕ ಸುಳ್ಳು ಹೇಳುವುದಿಲ್ಲ.

ನಿದ್ದೆಗೇಡಿ

ಅದೇ ಊರಲ್ಲವೇ, ಚಕ್ರದ ಪೆಟ್ಟಿಗೆ ಎಳೆದರೆ 265 ಯೂರೋ ದಂಡ ಹಾಕುವುದು? ಬಿಲ್ವಪತ್ರೆಯವರೇ, ಪೆಟ್ಟಿಗೆ ಹೊತ್ತುಕೊಂಡು ಹೋಗಲು ಅಭ್ಯಾಸ ಮಾಡಿಕೊಳ್ಳಿ.

ಕೋಟೇಶ್ವರದವ

ಅದು 2023ರ ಸುಳ್ಳು ಸುದ್ದಿ. ಕಲ್ಲುಹಾಸಿನ ಮೇಲೆ ಪೆಟ್ಟಿಗೆ ಎಳೆದು ಸದ್ದು ಮಾಡಬೇಡಿ, ಎತ್ತಿಕೊಳ್ಳಿ ಎಂದು ಒಂದು ವಿಡಿಯೊದಲ್ಲಿ ಕೇಳಿಕೊಂಡಿದ್ದರು, ಅಷ್ಟೇ. ಅದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ನಿಷೇಧ, ದಂಡ ಎಂದಾಯಿತು. ಇಲ್ಲಿನ ಪ್ರವಾಸೋದ್ಯಮ ಮಂಡಳಿಯೇ ಅಲ್ಲವೆಂದು ಹೇಳಬೇಕಾಯಿತು. ಆದರೂ ಅದರ ಹಿಂದಿನ ಸಂಕಟ ಸುಳ್ಳಲ್ಲ. ರಾತ್ರಿ ಎರಡು ಗಂಟೆಗೆ ಆ ಮೆಟ್ಟಿಲುಗಳ ಮೇಲೆ ಪೆಟ್ಟಿಗೆ ಧಡ್ ಧಡ್ ಎಂದು ಇಳಿದರೆ ಮಲಗಿದವರಿಗೆ ಹೇಗಾದೀತು?

ಹಳೇ ಲಾಟೀನು

ಈ ಚರ್ಚೆಯಲ್ಲಿ ನನಗೆ ಮಜಾ ಅನ್ನಿಸುವುದು ಬೇರೆಯೇ. ಹಡಗನ್ನು ಹೊರಗೆ ನಿಲ್ಲಿಸುವುದನ್ನು ಜಗತ್ತಿಗೆ ಕಲಿಸಿದ ಊರೇ ಇದು! 1377ರಲ್ಲಿ, ಆಗ ಇದರ ಹೆಸರು ರಗೂಸಾ, ಪ್ಲೇಗ್ ಇರುವ ಕಡೆಯಿಂದ ಬಂದವರು ಮೂವತ್ತು ದಿನ ಹೊರಗಿದ್ದೇ ಒಳಗೆ ಬರಬೇಕು ಎಂದು ಕಾನೂನು ಮಾಡಿದರು. ಕಾಯಲು ಮರ್ಕಾನ್ ಎಂಬ ಒಂದು ನಡುಗಡ್ಡೆ, ಇಲ್ಲವೇ ಪಕ್ಕದ ತ್ಸಾವ್ತಾತ್ ಊರು. ಮೂವತ್ತು ಆಮೇಲೆ ಬೇರೆ ಕಡೆಗಳಲ್ಲಿ ನಲವತ್ತಾಯಿತು, ಆ ನಲವತ್ತರ ಇಟಾಲಿಯನ್ ಮಾತೇ ಕ್ವಾರಂಟೈನ್. ನಾವು 2020ರಲ್ಲಿ ಬಾಯಿಪಾಠ ಮಾಡಿದ್ದು. ಕೋಟೆಯ ಪೂರ್ವ ಬಾಗಿಲಿನ ಹೊರಗೆ ಹಾಗೆ ಕಾಯುವವರಿಗೆಂದು ಕಟ್ಟಿದ ಲಜರೆಟ್ಟಿ ಕಟ್ಟಡಗಳ ಸಾಲು ಈಗಲೂ ಇದೆ. ಅವರು ವ್ಯಾಪಾರವನ್ನೇ ಉಸಿರಾಡುತ್ತಿದ್ದ ಜನ, ಹಡಗಿಲ್ಲದೆ ಅವರಿಗೆ ಅನ್ನವಿರಲಿಲ್ಲ. ಆದರೂ ಬಾಗಿಲು ಮುಚ್ಚಲಿಲ್ಲ, ಕಾಯಿಸಿದರು. ಒಮ್ಮೆಗೆ ಎರಡು ಹಡಗು ಎಂಬುದೂ ಅದೇ ಜಾಣತನ ಎಂದು ನನ್ನ ಲೆಕ್ಕ.

ಇನ್ನೊಂದು ಸಂಗತಿ, ನಮ್ಮ ಕಡಲಿಗೂ ಸೇರಿದ್ದು. ಹಳೆಯ ಗೋವೆಯ ಹತ್ತಿರ ಗಾಂದೌಲಿಯಲ್ಲಿ ಸಂತ ಬ್ರಾಸ್‌ನ ಚರ್ಚ್ ಇದೆ. ಅದೇ ಸಂತ ಡುಬ್ರೋವ್ನಿಕ್‌ನ ಕಾವಲು ಸಂತ, ಅಲ್ಲಿ ಹೆಸರು ವ್ಲಾಹೊ. ಹಬ್ಬ ಫೆಬ್ರುವರಿ 3. ಆ ಚರ್ಚಿನ ಮೂಲ ರಗೂಸಾದ ವ್ಯಾಪಾರಿಗಳು ಎನ್ನುತ್ತಾರೆ.

ನಿದ್ದೆಗೇಡಿ

ಹಾಗಾದರೆ ಅವರು ಮೊದಲು ನಮ್ಮ ಕಡೆಗೆ ಪ್ರವಾಸ ಬಂದವರು. ನಾವು ಮಿತಿ ಹಾಕಿದ್ದೆವೇ?

ಹಳೇ ಲಾಟೀನು

ಅವರು ಒಂದು ಹಗಲಿಗೆಂದು ಬಂದವರಲ್ಲ ಸ್ವಾಮಿ. ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಇಲ್ಲೇ ಬಿದ್ದಿರಬೇಕಿತ್ತು.

ಪದವಿನಂಗಡಿ

ನಮ್ಮ ಪಣಂಬೂರಿಗೂ ಚಳಿಗಾಲದಲ್ಲಿ ಇಂಥ ಹಡಗು ಬರುತ್ತವೆ. ಬಂದ ದಿನ ಚೆಂಡೆ, ಯಕ್ಷಗಾನ ವೇಷ, ಹಣೆಗೆ ಕುಂಕುಮ, ಮರುದಿನ ಪತ್ರಿಕೆಯಲ್ಲಿ ಫೋಟೊ. ಪ್ರಯಾಣಿಕರು ಕುದ್ರೋಳಿ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಒಂದು ಗೇರುಬೀಜದ ಕಾರ್ಖಾನೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಗೆ ವಾಪಸ್. ಒಮ್ಮೆ ನಾನು ಬಸದಿಯಲ್ಲಿದ್ದಾಗ ಎರಡು ಬಸ್ಸಿನವರು ಒಟ್ಟಿಗೆ ಇಳಿದರು. ಎಂಬತ್ತು ಜನ ಇದ್ದಿರಬಹುದು. ಕಂಬ ನೋಡಲು ಜಾಗವಿತ್ತು, ಆದರೆ ಬಸದಿಯ ಮೌನ ಹೋಯಿತು. ಹೊರಗೆ ಚಪ್ಪಲಿ ಕಾಯುವವನಿಗೆ ಮಾತ್ರ ಖುಷಿಯೋ ಖುಷಿ. ಎಂಬತ್ತಕ್ಕೆ ಹೀಗೆ. ನಾಲ್ಕು ಸಾವಿರವನ್ನು ಊಹಿಸಿಕೊಳ್ಳಲು ನನಗೆ ಆಗುತ್ತಿಲ್ಲ.

ನಮ್ಮವರಿಗೆ ಇನ್ನೂ ಹಡಗು ಬರಲಿ ಎಂಬ ಹಂಬಲ. ಬರಲಿ. ಮಂಗಳೂರು ದೊಡ್ಡ ಊರು, ಸಾವಿರ ಜನ ಇಳಿದರೆ ಹಂಪನಕಟ್ಟೆಗೆ ಗೊತ್ತೂ ಆಗುವುದಿಲ್ಲ.

ಲೆಕ್ಕಪತ್ರ

ಊರಿನವರು ಬೇಡವೆಂದರೆ ನಿಲ್ಲಿಸಲು ಆಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಫ್ಲಾರಿಡಾದ ಕೀ ವೆಸ್ಟ್‌ನಲ್ಲಿ 2020ರಲ್ಲಿ ಜನ ಮತ ಹಾಕಿ ದೊಡ್ಡ ಹಡಗು ಬೇಡ ಎಂದರು, ಮರುವರ್ಷವೇ ರಾಜ್ಯ ಸರ್ಕಾರ ಕಾನೂನು ತಂದು ಆ ಮತವನ್ನು ರದ್ದು ಮಾಡಿತು. ಅಲಾಸ್ಕಾದ ಜೂನೊದಲ್ಲಿ ಇದಕ್ಕೆ ತಿರುಗಾಮುರುಗ. ಶನಿವಾರವಾದರೂ ಹಡಗಿಲ್ಲದೆ ಇರೋಣ ಎಂಬ ಪ್ರಸ್ತಾಪವನ್ನು 2024ರಲ್ಲಿ ಜನರೇ ಸೋಲಿಸಿದರು. ಡುಬ್ರೋವ್ನಿಕ್‌ನ ಮೇಯರ್ ಮಾಟೊ ಫ್ರಾಂಕೊವಿಚ್ ಮತಕ್ಕೂ ಹೋಗಲಿಲ್ಲ, ನಿಷೇಧಕ್ಕೂ ಹೋಗಲಿಲ್ಲ. ಕಂಪನಿಗಳ ಒಕ್ಕೂಟವನ್ನು ಕೂರಿಸಿಕೊಂಡು ವೇಳಾಪಟ್ಟಿ ಹಂಚಿದರು. ಒಪ್ಪಂದ ಎಂದರೆ ಸಡಿಲ, ನಾಳೆ ಬೇರೆ ಮೇಯರ್ ಬಂದರೆ ಏನೂ ಆಗಬಹುದು. ಆದರೆ ಕೋರ್ಟಿಗೆ ಹೋಗುವವರು ಯಾರೂ ಇಲ್ಲ. ನನಗೆ ಇದು ಮೆಚ್ಚುಗೆ.

ಪದವಿನಂಗಡಿ

ಒಮ್ಮೆಗೆ ನಾಲ್ಕು ಸಾವಿರ ಎಂದರೆ ದಿನಕ್ಕೆ ನಾಲ್ಕು ಸಾವಿರ ಎಂದಲ್ಲ, ಗಮನಿಸಿ. ಬೆಳಗಿನ ಹಡಗು ಹೋದ ಮೇಲೆ ಮಧ್ಯಾಹ್ನದ್ದು ಬರಬಹುದು.

ಉಪ್ಪುನೀರು

ಸರಿ. ಅದೇ ಒಳ್ಳೆಯದೂ ಹೌದು.

ಲೆಕ್ಕಪತ್ರ

ಯಾರಿಗೆ ಒಳ್ಳೆಯದು? ಪಾತ್ರೆ ತೊಳೆಯುವ ಆ ಹೆಂಗಸಿಗೆ ಹಾಲು ತರಲು ಈಗ ಬೆಳಿಗ್ಗೆಯಾದರೂ ಹೊತ್ತಿದೆ, ದಿನವಿಡೀ ಹರಡಿಬಿಟ್ಟರೆ ಅದೂ ಇಲ್ಲ.

ಉಪ್ಪುನೀರು

...ಇದನ್ನು ನಾನು ಯೋಚಿಸಿರಲಿಲ್ಲ.

ನಿದ್ದೆಗೇಡಿ

ಕುಮಾರ ಪರ್ವತದ ಕಥೆಯೂ ಇದೇ. 2024ರ ಜನವರಿ ಕೊನೆಯ ರಜೆಯಲ್ಲಿ ಸಾಲು ನೋಡಿದಿರಲ್ಲ, ಬೆಟ್ಟವೋ ರೇಷನ್ ಅಂಗಡಿಯೋ ಎಂಬ ಹಾಗೆ. ಆಮೇಲೆ ಚಾರಣ ನಿಲ್ಲಿಸಿ ಆನ್‌ಲೈನ್ ಬುಕಿಂಗ್ ತಂದರು. ಈಗ ನನಗೆ ಟಿಕೆಟ್ ಸಿಗುವುದಿಲ್ಲ, ಆದ್ದರಿಂದ ನಾನು ಮಿತಿಯ ವಿರೋಧಿ.

ಒಗ್ಗರಣೆ

ಪ್ರಾಮಾಣಿಕ ಮನುಷ್ಯ. ಅದಿರಲಿ, ಯಾರೂ ಮುಖ್ಯ ವಿಷಯ ಕೇಳಲಿಲ್ಲ. ಉಡುಪಿಯ ಅಮ್ಮನಿಗೆ ಅಲ್ಲಿ ತಿನ್ನಲು ಏನು ಸಿಗುತ್ತದೆ?

ಕೋಟೇಶ್ವರದವ

ಬ್ಲಿಟ್ವಾ ಎಂದು ಕೇಳಿ. ಒಂದು ಬಗೆಯ ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ. ಹರಿವೆ ಪಲ್ಯ ತೆಂಗಿನಕಾಯಿಯನ್ನು ಮರೆತು ಬಂದ ಹಾಗಿರುತ್ತದೆ. ಬೆಳ್ಳುಳ್ಳಿ ತಿನ್ನುವುದಿಲ್ಲವಾದರೆ ಕಷ್ಟ. ರೊಝಾಟಾ ಎಂಬ ಸಿಹಿ ಕೊಟ್ಟಾರು, ಅದರಲ್ಲಿ ಮೊಟ್ಟೆ ಇದೆ, ಹುಷಾರು.

ಬಿಲ್ವಪತ್ರೆಯವರೇ, ನನ್ನನ್ನು ಕೇಳಿದರೆ ಹಡಗು ಬಿಡಿ, ಇಲ್ಲಿಗೆ ವಿಮಾನದಲ್ಲಿ ಬಂದು ಲಾಪಾಡ್‌ನಲ್ಲಿ ಮೂರು ರಾತ್ರಿ ಇರಿ. 6ನೇ ನಂಬರ್ ಬಸ್ ನೇರ ಪೀಲೆಗೆ ಹೋಗುತ್ತದೆ. ಸಂಜೆ ಆರರ ಮೇಲೆ ಒಳಗೆ ಹೋಗಿ. ಸ್ಟ್ರಾಡುನ್ ಎಂಬ ಮುಖ್ಯ ಬೀದಿ ಸುಮಾರು ಮುನ್ನೂರು ಮೀಟರ್, ಪೂರ್ತಿ ಸಮತಟ್ಟು, ಮೆಟ್ಟಿಲೆಲ್ಲ ಅಕ್ಕಪಕ್ಕದ ಓಣಿಗಳಲ್ಲಿ. ಆದರೆ ಆ ಸುಣ್ಣದಕಲ್ಲು ಜನರ ಕಾಲಿಗೆ ಸವೆದು ಸವೆದು ಕನ್ನಡಿಯಾಗಿದೆ, ಮಳೆ ಬಂದರೆ ಅಮ್ಮನ ಕೈ ಬಿಡಬೇಡಿ. ಗೋಡೆ ಹತ್ತುವುದು ಬೇಡವೇ ಬೇಡ. ಬದಲಿಗೆ ಸರ್ಜ್ ಬೆಟ್ಟಕ್ಕೆ ಕೇಬಲ್ ಕಾರ್ ಇದೆ. ಯುಗೊಸ್ಲಾವಿಯಾ ಒಡೆದಾಗಿನ ಯುದ್ಧದಲ್ಲಿ ಹಾಳಾಗಿ 2010ರಲ್ಲಿ ಮತ್ತೆ ಆರಂಭವಾದದ್ದು. ಮೇಲಿನಿಂದ ಕೆಂಪು ಹೆಂಚುಗಳನ್ನು ನೋಡಿ. ಹೊಸ ಹೆಂಚು ಹೊಳೆಯುವ ಕಡೆಯೆಲ್ಲ 1991ರ ಶೆಲ್ ಬಿದ್ದ ಮನೆಗಳು ಎಂದು ಆ ಹೆಂಗಸು ನನಗೆ ತೋರಿಸಿದ್ದಳು.

ಉಪ್ಪುನೀರು

ಮಂಡಿನೋವಿನವರನ್ನು ವಿಮಾನ ನಿಲ್ದಾಣ, ಟ್ಯಾಕ್ಸಿ, ಹೋಟೆಲ್ ಎಂದು ಅಲೆಸುವುದಕ್ಕಿಂತ ಹಡಗೇ ವಾಸಿ. ಕೋಣೆಯಿಂದ ಲಿಫ್ಟ್, ಲಿಫ್ಟ್‌ನಿಂದ ಊಟ. ನನ್ನದೊಂದು ಸಲಹೆ. ಎಲ್ಲರೂ ಇಳಿಯುವಾಗ ನೀವು ಇಳಿಯಬೇಡಿ. ನಿಧಾನವಾಗಿ ತಿಂಡಿ ತಿಂದು, ಹನ್ನೊಂದಕ್ಕೆ ಇಳಿದು ಬಂದರಿನ ಪಕ್ಕದ ಗ್ರೂಝ್ ಸಂತೆಯಲ್ಲಿ ಅಂಜೂರ ಕೊಳ್ಳಿ. ನಾನು ಪ್ರತಿ ಸಲ ಹೋಗುವುದು ಅಲ್ಲಿಗೇ. ಒಂದರ ಮೇಲೆ ಕೋಟೆಗೆ ಹೋಗಿ, ಬಸ್ಸುಗಳು ತುಂಬಿ ವಾಪಸ್ ಬರುತ್ತಿರುತ್ತವೆ, ನೀವು ಖಾಲಿ ಬಸ್ಸಿನಲ್ಲಿ ಹೋಗಬಹುದು. ಹಡಗು ಹೊರಡುವ ಹೊತ್ತು ಮಾತ್ರ ಎರಡು ಸಲ ಕೇಳಿಕೊಳ್ಳಿ, ಯಾರಿಗೂ ಕಾಯುವುದಿಲ್ಲ.

ಬಿಲ್ವಪತ್ರೆ

ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ಮನೆಗೆ ಫೋನ್ ಮಾಡಿ ಇದನ್ನೆಲ್ಲ ಓದಿ ಹೇಳಿದೆ. ಅಪ್ಪ ಮೊಳೆಯ ಕಥೆ ಕೇಳಿ, "ಒಂದು ಹಗಲಿನಲ್ಲಿ ಊರು ನೋಡುವುದಾದರೆ ನಾನು ಟಿವಿಯಲ್ಲೇ ನೋಡುತ್ತೇನೆ, ಅವರ ಓಣಿಯಲ್ಲಿ ನನ್ನದೂ ಒಂದು ತಲೆ ಯಾಕೆ" ಎಂದರು. ವಿಷಯ ಮುಗಿಯಿತು ಎಂದುಕೊಂಡೆ. ಆಗ ಅಮ್ಮ ಫೋನ್ ಕಿತ್ತುಕೊಂಡು, "ಹುಟ್ಟಿದ್ದು ಮಲ್ಪೆಯಲ್ಲಿ, ಅರವತ್ತೆಂಟು ವರ್ಷ ಸಮುದ್ರ ನೋಡಿದ್ದೇನೆ, ಒಂದು ದಿನವಾದರೂ ಹಡಗಿನಲ್ಲಿ ಮಲಗಿದ್ದೇನೆಯೇ? ಊರು ನೋಡದಿದ್ದರೂ ಸರಿ, ನಾನು ಕೆಳಗೆ ಇಳಿಯುವುದೇ ಇಲ್ಲ" ಎಂದರು. ಮಿತಿಯ ಲೆಕ್ಕದಲ್ಲಿ ಅಮ್ಮ ಬರುತ್ತಾರೋ ಇಲ್ಲವೋ ಗೊತ್ತಿಲ್ಲ.

ಲೆಕ್ಕಪತ್ರ

ಹಡಗಿನ ಲೆಕ್ಕದಲ್ಲಿ ಬರುತ್ತಾರೆ, ಕ್ಯಾಮೆರಾದ ಲೆಕ್ಕದಲ್ಲಿ ಇಲ್ಲ.

ಕೋಟೇಶ್ವರದವ

ಜೂನ್ ಎಷ್ಟನೇ ತಾರೀಖು? ಬಾಗಿಲಿನ ಕಾಗದ ನೋಡಿ ಹೇಳುತ್ತೇನೆ.

ಬಿಲ್ವಪತ್ರೆ

ಎರಡನೆಯ ಗುರುವಾರ.

ಕೋಟೇಶ್ವರದವ

ಕೆಂಪು ಸುತ್ತು. ಎರಡು ಹಡಗು, ನಿಮ್ಮದೂ ಸೇರಿ. ಗ್ರೂಝ್ ಸಂತೆಯ ಹತ್ತಿರ ಬರುತ್ತೀರಾದರೆ ತಿಳಿಸಿ, ಅಮ್ಮನಿಗೆ ಬೆಳ್ಳುಳ್ಳಿ ಹಾಕದ ಬ್ಲಿಟ್ವಾ ಡಬ್ಬಿಯಲ್ಲಿ ತರುತ್ತೇನೆ. ಕೆಳಗೆ ಇಳಿಯದಿದ್ದರೆ ಉಪ್ಪುನೀರಿನವರು ಮೇಲೆ ತಲುಪಿಸಲಿ.

ಉಪ್ಪುನೀರು

ಹೊರಗಿನ ಊಟ ಹಡಗಿನೊಳಗೆ ಬಿಡುವುದಿಲ್ಲ ಮಾರಾಯರೇ. ಅಮ್ಮನನ್ನೇ ಇಳಿಸಬೇಕು.